ಕಪ್ಪೆಯ ಕಾಲೂ ಪ್ರಾಣಿವಿದ್ಯುತ್ತಿನ ವಾದವೂ

ನ್ಯಾಯಶಾಸ್ತ್ರಕಾರರು ವಿದ್ವಾಂಸರ ಚರ್ಚೆಯನ್ನು ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆಯಾಗಿ ವಿಂಗಡಿಸಿರುವರು. ತತ್ತ್ವನಿರ್ಣಯವೊಂದನ್ನೇ ಬಯಸಿ ನಡೆಯುವುದು ವಾದ. ಜಯವನ್ನು ಬಯಸಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೊಂದನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡೆ. ವಾದದಲ್ಲಿ ಸೋತವನಿಗೂ ಲಾಭವುಂಟು. ಏಕೆಂದರೆ ಅವನಿಗೂ ತತ್ತ್ವವು ದೊರೆಯುವುದು. ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಇಟಲಿ ದೇಶದ ಇಬ್ಬರು ಪಂಡಿತರ ನಡುವೆ ಕಪ್ಪೆಯ ಕಾಲೊಂದನ್ನು ಮುಂದಿಟ್ಟುಕೊಂಡು ನಡೆದ ವಿವಾದವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಆ ವಿವಾದದಲ್ಲಿ ಒಬ್ಬನು ಗೆದ್ದನೆಂದೂ ಇನ್ನೊಬ್ಬನು ಸೋತನೆಂದೂ ಲೋಕವು ಬೇಗನೆ ತೀರ್ಪುಕೊಟ್ಟಿತು. ಆ ತೀರ್ಪನ್ನು ತಿದ್ದಿಕೊಳ್ಳಲು ಅರ್ಧ ಶತಮಾನವೂ, ಅದರ ಒಳಗುಟ್ಟನ್ನು ಪೂರ್ಣವಾಗಿ ಅರಿಯಲು ಒಂದೂವರೆ ಶತಮಾನವೂ ಬೇಕಾಯಿತು. ಮನುಷ್ಯನ ದೇಹದಲ್ಲಿ ವಿದ್ಯುಚ್ಛಕ್ತಿಯು ಹೇಗೆ ವರ್ತಿಸುವುದೆಂಬ ಇಂದಿನ ತಿಳಿವಳಿಕೆಯು ಆ ವಿವಾದದ ಗರ್ಭದಿಂದಲೇ ಹುಟ್ಟಿದುದಾಗಿದೆ.

ಮನಸ್ಸು ಬಯಸಿದೊಡನೆ ಕೈ ಮೇಲೇಳುವುದು ಹೇಗೆ ಎಂಬ ಪ್ರಶ್ನೆ ಬಹಳ ಹಳೆಯದು. ನಮ್ಮ ಆಯುರ್ವೇದವು ದೇಹದ ಸಕಲ ಚಲನೆಗೂ ವಾಯುವನ್ನೇ ಕಾರಣವೆಂದು ಹೇಳಿತು. ಗ್ರೀಕ್ ವೈದ್ಯನಾದ ಗೇಲನ್ನನೂ ಅವನ ಅನುಯಾಯಿಗಳೂ ನರಗಳು ಟೊಳ್ಳಾದ ಕೊಳವೆಗಳೆಂದೂ, ಅವುಗಳ ಮೂಲಕ ಒಂದು ಬಗೆಯ ಸೂಕ್ಷ್ಮವಾದ ಪ್ರಾಣವಾಯುವು ಮಿದುಳಿನಿಂದ ಅಂಗಗಳಿಗೆ ಹರಿಯುವುದೆಂದೂ ನಂಬಿದ್ದರು. ಈ ಎರಡು ಮತಗಳನ್ನು ನೋಡಿ, ಪೂರ್ವಿಕರು ವಿದ್ಯುತ್ತನ್ನೇ ಬೇರೆ ಹೆಸರಿನಿಂದ ಕರೆದರೆಂದು ಹೇಳುವುದು ಸಾಹಸವಾದೀತು. ಕಣ್ಣಿಗೆ ಕಾಣದೆ ಇತರ ವಸ್ತುಗಳನ್ನು ಚಲಿಸುವಂತೆ ಮಾಡುವ ಪದಾರ್ಥವೆಂದರೆ ಅವರಿಗೆ ಗಾಳಿಯೇ ಪರಿಚಿತವಾಗಿದ್ದಿತು. ಆದುದರಿಂದ ಗಾಳಿಯನ್ನೇ ಊಹಿಸಿದರು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮ್ ಎಂಬ ಪಂಡಿತನು ಕಪ್ಪೆಯ ಸ್ನಾಯುವನ್ನು ಗಾಜಿನ ನಳಿಗೆಯೊಳಗಿಟ್ಟು, ಅದು ಸಂಕುಚಿಸುವಾಗ ಗಾತ್ರದಲ್ಲಿ ಹಿಗ್ಗುವುದಿಲ್ಲವೆಂದು ತೋರಿಸಿದನು. ವಾಯುವಾಗಲಿ ದ್ರವವಾಗಲಿ ಒಳಹೊಕ್ಕಿದ್ದರೆ ಗಾತ್ರವು ಹೆಚ್ಚಬೇಕಾಗಿದ್ದಿತು. ಹೀಗೆ ಹಳೆಯ ಉತ್ತರವು ಬಿದ್ದುಹೋಯಿತು. ಹೊಸ ಉತ್ತರವು ಇನ್ನೂ ದೊರೆತಿರಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ಪಂಡಿತರಿಗೆಲ್ಲ ವಿದ್ಯುತ್ತಿನ ಹುಚ್ಚು ಹಿಡಿದಿದ್ದಿತು. ಗಾಜನ್ನು ಉಜ್ಜಿ ಕಿಡಿ ಹಾರಿಸುವ ಯಂತ್ರಗಳೂ, 1745-46ರಲ್ಲಿ ಕಂಡುಹಿಡಿಯಲ್ಪಟ್ಟ ಲೈಡನ್ ಜಾಡಿಯೂ ಅವರ ಕೈಗೆ ಬಂದಿದ್ದವು. ಒಳಗೂ ಹೊರಗೂ ಲೋಹದ ಹಾಳೆಯನ್ನು ಹೊದಿಸಿದ ಈ ಗಾಜಿನ ಜಾಡಿಯು ವಿದ್ಯುತ್ತನ್ನು ಕೂಡಿಟ್ಟುಕೊಂಡು, ಮುಟ್ಟಿದವನಿಗೆ ಒಮ್ಮೆಲೇ ಆಘಾತವನ್ನು ಕೊಡುತ್ತಿದ್ದಿತು. ಟಾರ್ಪಿಡೋ ಎಂಬ ಕಡಲಮೀನು ಕೊಡುವ ಆಘಾತವೂ ಇದೇ ಜಾತಿಯದೆಂದು ಇಂಗ್ಲೆಂಡಿನ ಜಾನ್ ವಾಲ್ಷನು 1772ರಲ್ಲಿ ಫ್ರಾನ್ಸಿನ ಕಡಲತೀರದಲ್ಲಿ ಪರೀಕ್ಷೆಮಾಡಿ ಪ್ರಕಟಿಸಿದನು. ಪ್ರಾಣಿಯೊಂದು ತನ್ನ ದೇಹದಲ್ಲಿಯೇ ವಿದ್ಯುತ್ತನ್ನು ಹುಟ್ಟಿಸಬಲ್ಲುದೆಂಬ ಮಾತು ಹೀಗೆ ಮೊದಲಬಾರಿಗೆ ಪ್ರಮಾಣವನ್ನು ಪಡೆಯಿತು.

ಬೊಲೋನ್ಯ ನಗರದ ಪುರಾತನ ವಿಶ್ವವಿದ್ಯಾಲಯದಲ್ಲಿ ಶರೀರರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಲುಯಿಜಿ ಗಾಲ್ವನಿಯು 1737ರಲ್ಲಿ ಜನಿಸಿದವನು. ಶಾಂತನೂ ದೈವಭಕ್ತನೂ ಆದ ಈತನು ತನ್ನ ಮನೆಯಲ್ಲಿಯೇ ಪ್ರಯೋಗಗಳನ್ನು ನಡೆಸುತ್ತಿದ್ದನು. ಅವನ ಪತ್ನಿಯಾದ ಲೂಸಿಯಳೂ, ಸೋದರಳಿಯನಾದ ಜೊವಾನ್ನಿ ಆಲ್ಡೀನಿಯೂ ಅವನಿಗೆ ಸಹಾಯಕರಾಗಿದ್ದರು. 1781ರಲ್ಲಿ ಒಂದು ದಿನ ಕೊಯ್ದಿಟ್ಟಿದ್ದ ಕಪ್ಪೆಯ ತೊಡೆಯ ನರಕ್ಕೆ ಸಹಾಯಕನೊಬ್ಬನು ಚೂರಿಯ ಮೊನೆಯನ್ನು ತಾಕಿಸಿದ ಗಳಿಗೆಯಲ್ಲಿಯೇ, ತುಸು ದೂರದಲ್ಲಿದ್ದ ವಿದ್ಯುದ್ಯಂತ್ರದಿಂದ ಕಿಡಿಯೊಂದು ಹಾರಿತು. ಸತ್ತ ಕಪ್ಪೆಯ ಕಾಲುಗಳು ಥಟ್ಟನೆ ಸೆಟೆದುಕೊಂಡವು. ಇದನ್ನು ಆಕಸ್ಮಿಕವೆಂದು ಬಿಟ್ಟುಬಿಡದೆ ಗಾಲ್ವನಿಯು ಹತ್ತು ವರ್ಷಗಳ ಕಾಲ ಅದರ ಬೆನ್ನುಹತ್ತಿದನು. 1786ರಲ್ಲಿ ಆಕಾಶದ ಮಿಂಚಿನ ಪರಿಣಾಮವನ್ನು ನೋಡಬೇಕೆಂದು ಕಪ್ಪೆಗಳ ಬೆನ್ನುಹುರಿಗೆ ಹಿತ್ತಾಳೆಯ ಕೊಕ್ಕೆಗಳನ್ನು ಸಿಕ್ಕಿಸಿ, ಮನೆಯ ಕಬ್ಬಿಣದ ಕಂಬಿಗಳಿಗೆ ತೂಗುಹಾಕಿದನು. ಮಿಂಚು ಹೊಳೆದಾಗ ಕಾಲುಗಳು ಅದುರಿದವು. ಆದರೆ ಮೋಡವಿಲ್ಲದ ದಿನಗಳಲ್ಲಿಯೂ ಕೊಕ್ಕೆಯನ್ನು ಕಂಬಿಗೆ ಒತ್ತಿದೊಡನೆ ಅವು ಅದುರತೊಡಗಿದವು. ಮಿಂಚೂ ಇಲ್ಲ, ಯಂತ್ರವೂ ಇಲ್ಲ. ಹಾಗಾದರೆ ಈ ವಿದ್ಯುತ್ತು ಬಂದುದು ಎಲ್ಲಿಂದ?

ಈ ಪ್ರಶ್ನೆಗೆ ಗಾಲ್ವನಿಯು 1791ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಉತ್ತರವಿತ್ತನು. ವಿದ್ಯುತ್ತು ಕಪ್ಪೆಯಲ್ಲಿಯೇ ಇದೆ. ಎಲ್ಲ ಪ್ರಾಣಿಗಳಲ್ಲಿಯೂ ಇದೆ. ಸ್ನಾಯುವಿನ ಒಂದೊಂದು ಎಳೆಯೂ ಒಂದು ಪುಟ್ಟ ಲೈಡನ್ ಜಾಡಿ; ಅದರ ಒಳಮೈಯಲ್ಲಿ ಒಂದು ಬಗೆಯ, ಹೊರಮೈಯಲ್ಲಿ ಅದಕ್ಕೆ ಪ್ರತಿಯಾದ ಇನ್ನೊಂದು ಬಗೆಯ ವಿದ್ಯುತ್ತು ಕೂಡಿರುವುದು. ನರವೂ ಲೋಹವೂ ಸೇರಿ ಒಳಗನ್ನೂ ಹೊರಗನ್ನೂ ಜೋಡಿಸಿದಾಗ ಆ ಜಾಡಿಯು ಬರಿದಾಗಿ ಸ್ನಾಯುವು ಸಂಕುಚಿಸುವುದು. ಇದೇ ಅವನ ಸಿದ್ಧಾಂತ. ಇದಕ್ಕೆ ಅವನು ಪ್ರಾಣಿವಿದ್ಯುತ್ತು ಎಂದು ಹೆಸರಿಟ್ಟನು.

ಪಾವಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಅಲೆಸ್ಸಾಂಡ್ರೋ ವೋಲ್ಟನು ಗಾಲ್ವನಿಗಿಂತ ಏಳು ವರ್ಷ ಕಿರಿಯವನು. ಅವನು ಮೊದಲು ಈ ಪ್ರಬಂಧವನ್ನು ಓದಿ, ಪ್ರಯೋಗಗಳನ್ನು ತಾನೇ ಮಾಡಿನೋಡಿ ಮೆಚ್ಚಿಕೊಂಡನು. ಆದರೆ ಪರೀಕ್ಷೆಯು ಮುಂದುವರಿದಂತೆ ಅವನ ಮನಸ್ಸಿನಲ್ಲಿ ಸಂಶಯವೊಂದು ಮೊಳೆಯಿತು. ಕಪ್ಪೆಯ ಕಾಲು ಬಲವಾಗಿ ಅದುರಬೇಕಾದರೆ ಎರಡು ಬೇರೆಬೇರೆ ಲೋಹಗಳು ಬೇಕು. ಒಂದೇ ಲೋಹವಾದರೆ ಅದುರುವಿಕೆ ಬಹಳ ಮಂದವಾಗುವುದು, ಇಲ್ಲವೇ ಆಗುವುದೇ ಇಲ್ಲ. ಇದೇಕೆ? ಅವನು ತನ್ನ ನಾಲಗೆಯ ತುದಿಗೆ ತವರದ ಹಾಳೆಯನ್ನೂ ಹಿಂಭಾಗಕ್ಕೆ ಬೆಳ್ಳಿಯನ್ನೂ ತಾಗಿಸಿ, ಆ ಎರಡನ್ನೂ ಜೋಡಿಸಿದನು. ನಾಲಗೆಗೆ ಹುಳಿಯಾದ ರುಚಿ ತೋರಿತು. ಅಲ್ಲಿ ಕಪ್ಪೆಯೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಎರಡು ಲೋಹಗಳ ಸಂಬಂಧದಿಂದಲೇ ವಿದ್ಯುತ್ತು ಹುಟ್ಟುವುದೆಂದೂ, ಕಪ್ಪೆಯ ಕಾಲು ಅದನ್ನು ತೋರಿಸಿಕೊಡುವ ಸೂಕ್ಷ್ಮವಾದ ಮಾಪಕವಷ್ಟೇ ಎಂದೂ ವೋಲ್ಟನು ನಿಶ್ಚಯಿಸಿದನು.

ಯೂರೋಪಿನ ಪಂಡಿತಮಂಡಲಿಯು ಎರಡು ಪಂಗಡವಾಯಿತು. ಗಾಲ್ವನಿಯು ಜಗಳಗಂಟನಲ್ಲ, ಆದರೂ ಪೂರ್ವಪಕ್ಷವನ್ನು ಅಲಕ್ಷ್ಯಮಾಡಲಿಲ್ಲ. ದೋಷವು ಲೋಹದಲ್ಲಿದ್ದರೆ ಲೋಹವನ್ನೇ ತೆಗೆದುಹಾಕಿ ನೋಡಬೇಕಷ್ಟೆ! 1794ರಲ್ಲಿ ಹೆಸರಿಲ್ಲದೆ ಪ್ರಕಟವಾದ ಕಿರುಹೊತ್ತಗೆಯೊಂದರಲ್ಲಿ, ಕಪ್ಪೆಯ ನರದ ಕೊಯ್ದ ತುದಿಯನ್ನು ಅದರದೇ ಸ್ನಾಯುವಿಗೆ ಮುಟ್ಟಿಸಿದರೂ ಸ್ನಾಯುವು ಸಂಕುಚಿಸುವುದೆಂಬುದು ವರ್ಣಿತವಾಯಿತು. ಅಲ್ಲಿ ಲೋಹದ ಸೋಂಕೇ ಇರಲಿಲ್ಲ. ಬೇರೆ ಜಾತಿಯ ಎರಡು ವಸ್ತುಗಳು ಸೇರಿದುದರಿಂದ ಹಾಗಾಯಿತೆಂದು ವೋಲ್ಟನು ಸಮಾಧಾನ ಹೇಳಿದನು. ನರವು ಒಂದು ವಸ್ತು, ಸ್ನಾಯುವು ಇನ್ನೊಂದು ವಸ್ತು. ಗಾಲ್ವನಿಯು 1797ರಲ್ಲಿ ಅದಕ್ಕೂ ಉತ್ತರವಿತ್ತನು. ಒಂದು ಕಾಲಿನ ನರವನ್ನು ಮತ್ತೊಂದು ಕಾಲಿನ ನರಕ್ಕೆ ಮಾತ್ರ ಮುಟ್ಟಿಸಿದನು. ಎರಡೂ ಒಂದೇ ಜಾತಿಯ ವಸ್ತು; ಆದರೂ ಕಾಲುಗಳು ಅದುರಿದವು. ಜೀವವಿದ್ಯುತ್ತಿನ ಶಾಸ್ತ್ರಕ್ಕೆ ಅಡಿಗಲ್ಲೆಂದು ಇಂದಿನ ಶರೀರಶಾಸ್ತ್ರಜ್ಞರು ಎಣಿಸುವುದು ಈ ಪ್ರಯೋಗವನ್ನೇ.

ಆದರೆ ಅದನ್ನು ಕೇಳುವ ಕಿವಿಗಳು ಆಗ ಕಡಿಮೆಯಾಗಿದ್ದವು. ಲೂಸಿಯಳು 1790ರಲ್ಲಿಯೇ ತೀರಿಕೊಂಡಿದ್ದಳು. 1797ರಲ್ಲಿ ನೆಪೋಲಿಯನ್ನನ ಸೈನ್ಯಬಲದಿಂದ ಉತ್ತರ ಇಟಲಿಯಲ್ಲಿ ಹೊಸ ಗಣರಾಜ್ಯವೊಂದು ಸ್ಥಾಪಿತವಾಯಿತು. ಪ್ರಾಧ್ಯಾಪಕರೆಲ್ಲರೂ ಅದಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಯಿತು. ತನ್ನ ಅಂತಃಸಾಕ್ಷಿಗೆ ಒಪ್ಪದ ಪ್ರಮಾಣವನ್ನು ಗಾಲ್ವನಿಯು ಮಾಡಲಿಲ್ಲ. 1798ರಲ್ಲಿ ಅವನ ಪದವಿಯೂ ಸಂಬಳವೂ ಹೋದವು. ಅವನು ಸೋದರನ ಮನೆಯನ್ನು ಸೇರಿ, ಅದೇ ವರ್ಷದ ಡಿಸೆಂಬರ್ 4ರಂದು ದೇಹವನ್ನು ಬಿಟ್ಟನು. ಹದಿನಾರು ತಿಂಗಳೊಳಗಾಗಿ, 1800ರ ಮಾರ್ಚ್ 20ರಂದು, ವೋಲ್ಟನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಕಾಗದವನ್ನು ಬರೆದು ತನ್ನ ಹೊಸ ಉಪಕರಣವನ್ನು ಲೋಕಕ್ಕೆ ತಿಳಿಸಿದನು. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಹೀಗೆ ಒಂದರಮೇಲೊಂದು ಪೇರಿಸಿದ ಈ ಕಂಬವು ಎಡೆಬಿಡದೆ ವಿದ್ಯುತ್ತನ್ನು ಹರಿಸುತ್ತಿದ್ದಿತು. ಇಂದಿನ ಬ್ಯಾಟರಿಗಳಿಗೆಲ್ಲ ಮೂಲಪುರುಷನು ಇದೇ. 1801ರಲ್ಲಿ ಪ್ಯಾರಿಸ್ಸಿನಲ್ಲಿ ವೋಲ್ಟನು ಅದನ್ನು ನೆಪೋಲಿಯನ್ನನ ಮುಂದೆ ಪ್ರದರ್ಶಿಸಿದನು. ಪದಕವೂ, ಅನಂತರ ಕೌಂಟ್ ಎಂಬ ಬಿರುದೂ ಅವನಿಗೆ ಸಂದವು. ಯಾವನ ಆಳ್ವಿಕೆಗೆ ತಲೆಬಾಗದೆ ಒಬ್ಬನು ಪದವಿಯನ್ನು ಕಳೆದುಕೊಂಡನೋ ಅವನಿಂದಲೇ ಇನ್ನೊಬ್ಬನು ಸನ್ಮಾನಿತನಾದನು. ವೋಲ್ಟನ ಗೌರವವು ಅರ್ಹವಾದುದೇ. ಆದರೆ ಆ ಕಂಬದ ಜಯವನ್ನು ಕಂಡ ಜನರು, ಪ್ರಾಣಿವಿದ್ಯುತ್ತು ಎಂಬುದೇ ಇಲ್ಲವೆಂದು ಭಾವಿಸಿದರು. ಲೋಹವು ವಿದ್ಯುತ್ತನ್ನು ಹುಟ್ಟಿಸಬಲ್ಲುದೆಂಬುದು ಸಿದ್ಧವಾದ ಮಾತ್ರಕ್ಕೆ ಪ್ರಾಣಿಯು ಹುಟ್ಟಿಸಲಾರದೆಂದು ಸಿದ್ಧವಾಗುವುದಿಲ್ಲ. ಈ ಹೇತುದೋಷವನ್ನು ಗಮನಿಸಿದವರು ವಿರಳ. ಜರ್ಮನಿಯ ಹುಂಬೋಲ್ಟನು 1797ರಲ್ಲಿಯೇ ತನ್ನ ಮೈಮೇಲೆಯೇ ಪ್ರಯೋಗಗಳನ್ನು ಮಾಡಿಕೊಂಡು, ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟೆಂದು ಹೇಳಿದ್ದನು.

ಗಾಲ್ವನಿಯ ಪಕ್ಷಕ್ಕೆ ಅವನ ಕಡೆಯವರಿಂದಲೇ ಕೆಲವು ಹಾನಿಯೂ ಒದಗಿತು. ಆಲ್ಡೀನಿಯು ಸೋದರಮಾವನ ಕೀರ್ತಿಯನ್ನು ಉಳಿಸಬೇಕೆಂದು ದೇಶದೇಶಗಳಲ್ಲಿ ಪ್ರದರ್ಶನಗಳನ್ನು ನಡೆಸಿದನು. 1803ರ ಜನವರಿಯಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಲ್ಪಟ್ಟ ಅಪರಾಧಿಯೊಬ್ಬನ ಶವಕ್ಕೆ ವಿದ್ಯುತ್ತನ್ನು ಹಾಯಿಸಿದಾಗ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು, ಕೈ ಮೇಲೆದ್ದಿತು. ನೋಡಿದವರು ಭಯಪಟ್ಟರು. ಸತ್ತವರನ್ನು ಎಬ್ಬಿಸುವ ಆಸೆಯೂ, ಸಕಲರೋಗಗಳಿಗೂ ವಿದ್ಯುತ್ತೇ ಮದ್ದೆಂದು ಮಾರುವ ನಕಲಿ ವೈದ್ಯರೂ ಹುಟ್ಟಿಕೊಂಡರು. ಗಂಭೀರರಾದ ಪಂಡಿತರು ಈ ವಿಷಯದಿಂದ ದೂರ ಸರಿದರು.

ಆದರೆ ಸತ್ಯಕ್ಕೆ ಸಾಕ್ಷಿಯು ಎದುರುಪಕ್ಷದ ಮನೆಯಿಂದಲೇ ಬಂದಿತು. ವೋಲ್ಟನ ಕಂಬವಿದ್ದುದರಿಂದಲೇ 1820ರಲ್ಲಿ ಡೆನ್ಮಾರ್ಕಿನ ಊರ್ಸ್ಟೆಡ್ಡನು ವಿದ್ಯುತ್ಪ್ರವಾಹವು ಸೂಜಿಗಲ್ಲನ್ನು ತಿರುಗಿಸುವುದೆಂದು ಕಂಡನು. ಅದರಿಂದ ಪ್ರವಾಹವನ್ನು ಅಳೆಯುವ ಯಂತ್ರವು ಹುಟ್ಟಿತು. ಆ ಯಂತ್ರಕ್ಕೆ ಗಾಲ್ವನಿಯ ಹೆಸರನ್ನೇ ಸೇರಿಸಿ ಗಾಲ್ವನೋಮೀಟರ್ ಎಂದು ಕರೆದರು. ಇಟಲಿಯ ನೋಬಿಲಿಯು ಅದನ್ನು ಸೂಕ್ಷ್ಮಗೊಳಿಸಿ ಕಪ್ಪೆಯ ದೇಹದ ಪ್ರವಾಹವನ್ನು ಅಳೆದನು. ಆದರೆ ಅದರ ನಿಜವಾದ ಕಾರಣವನ್ನು ತಿಳಿಯಲಿಲ್ಲ. ಅವನ ದೇಶದವನೇ ಆದ ಕಾರ್ಲೋ ಮಟ್ಟೆಉಚ್ಚಿಯು ಅನಂತರದ ವರ್ಷಗಳಲ್ಲಿ ಸ್ನಾಯುವಿನ ಗಾಯವಾದ ಭಾಗಕ್ಕೂ ಗಾಯವಿಲ್ಲದ ಭಾಗಕ್ಕೂ ನಡುವೆ ಪ್ರವಾಹವು ಹರಿಯುವುದನ್ನು ನಿಸ್ಸಂದೇಹವಾಗಿ ತೋರಿಸಿದನು. ಬರ್ಲಿನ್ನಿನ ಎಮಿಲ್ ಡುಬ್ವಾ-ರೇಮೊನ್ನನು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಂತಿಯ ಗಾಲ್ವನೋಮೀಟರನ್ನು ಕಟ್ಟಿ, ನರದಲ್ಲಿ ಸಂದೇಶವು ಹಾಯುವಾಗ ಅಲ್ಲಿನ ವಿದ್ಯುತ್ತು ಬದಲಾಗುವುದೆಂದು ಕಂಡು, 1848ರಲ್ಲಿ ತನ್ನ ಮಹಾಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದನು. ಮನುಷ್ಯನು ತೋಳನ್ನು ಬಿಗಿಹಿಡಿದಾಗ ಸೂಜಿಯು ಅಲುಗುವುದನ್ನೂ ತೋರಿಸಿದನು. ಗಾಲ್ವನಿಯು ತೀರಿಕೊಂಡು ಆಗ್ಗೆ ಐವತ್ತು ವರ್ಷಗಳಾಗಿದ್ದವು.

ಈ ವಿದ್ಯುತ್ತು ಎಷ್ಟು ವೇಗವಾಗಿ ಹರಿಯುವುದು? ಅದನ್ನು ಅಳೆಯುವುದು ಮನುಷ್ಯನಿಗೆ ಸಾಧ್ಯವಾಗದೆಂದು ಡುಬ್ವಾ-ರೇಮೊನ್ನನ ಗುರುವಾದ ಯೊಹಾನೆಸ್ ಮ್ಯುಲ್ಲರನು ಭಾವಿಸಿದ್ದನು. ಆದರೆ ಅದೇ ಗುರುವಿನ ಮತ್ತೊಬ್ಬ ಶಿಷ್ಯನಾದ ಹೆಲ್ಮ್‌ಹೋಲ್ಟ್ಸನು 1850ರಲ್ಲಿ ಅದನ್ನು ಅಳೆದೇಬಿಟ್ಟನು. ಕಪ್ಪೆಯ ನರದಲ್ಲಿ ಅದು ಸೆಕೆಂಡಿಗೆ ಸುಮಾರು 30 ಮೀಟರ್ ಮಾತ್ರ. ಇದು ವಿದ್ವಾಂಸರನ್ನು ಬೆರಗುಗೊಳಿಸಿತು. ಲೋಹದ ತಂತಿಯಲ್ಲಿ ವಿದ್ಯುತ್ಸಂದೇಶವು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಿಂದ ಓಡುವುದು. ನರದಲ್ಲಿಯಾದರೋ ಓಡುವ ಕುದುರೆಗಿಂತ ಬಹಳ ವೇಗವೇನೂ ಅಲ್ಲ. ಆದುದರಿಂದ ನರವು ತಂತಿಯಂಥದಲ್ಲ. ಅಲ್ಲಿ ನಡೆಯುವ ಕ್ರಿಯೆಯೇ ಬೇರೆ ಎಂಬುದು ಸ್ಪಷ್ಟವಾಯಿತು.

ಆ ಕ್ರಿಯೆಯ ಕೀಲಿಯನ್ನು ಡುಬ್ವಾ-ರೇಮೊನ್ನನ ಶಿಷ್ಯನಾದ ಯೂಲಿಯಸ್ ಬರ್ನ್‌ಸ್ಟೈನನು 1902ರಲ್ಲಿ ಸೂಚಿಸಿದನು. ಅದೇ 1902ರಲ್ಲಿ ಮೈಸೂರು ಸೀಮೆಯಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಸುಮಾರು 92 ಮೈಲಿಗಳ ದೂರ ವಿದ್ಯುತ್ತು ತಂತಿಯಲ್ಲಿ ಹರಿದುಹೋಯಿತೆಂಬುದನ್ನು ವಾಚಕರು ಬಲ್ಲರು. ಈ ಎರಡು ಬಗೆಯ ವಿದ್ಯುತ್ತುಗಳನ್ನೂ ಹೋಲಿಸಿ ನೋಡಿದರೆ ವಿಷಯವು ಸುಲಭವಾಗುವುದು. ತಂತಿಗೆ ಶಕ್ತಿಯು ದೂರದ ಒಂದು ಸ್ಥಾನದಿಂದ ಬರುವುದು. ತಂತಿಯು ಅದನ್ನು ಸಾಗಿಸುವುದೇ ಹೊರತು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ದೇಹದಲ್ಲಿಯಾದರೋ ಅಂಥ ಒಂದು ಕೇಂದ್ರಸ್ಥಾನವಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುವುದು.

ಜೀವಕೋಶವನ್ನು ಸುತ್ತಿರುವ ಪೊರೆಯು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳ್ಳಗಿದೆ. ದೇಹದ ರಸಗಳಲ್ಲಿ ಕರಗಿರುವ ಉಪ್ಪುಗಳು ವಿದ್ಯುತ್ಕಣಗಳಾಗಿ ಒಡೆದಿರುವುವು. ಇವುಗಳಿಗೆ ಅಯಾನುಗಳೆಂದು ಹೆಸರು. ಪೊರೆಯ ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು. ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು. ವಿಶ್ರಾಂತಿಯಲ್ಲಿರುವಾಗ ಪೊರೆಯು ಪೊಟ್ಯಾಸಿಯಮ್ಮಿಗೆ ಮಾತ್ರ ಹೆಚ್ಚಾಗಿ ದಾರಿಬಿಡುವುದರಿಂದ ಧನವಿದ್ಯುತ್ತುಳ್ಳ ಆ ಕಣಗಳು ಕೆಲವು ಹೊರಗೆ ಸೋರಿ, ಒಳಗು ಋಣವಾಗಿ ಉಳಿಯುವುದು. ನರಕೋಶದಲ್ಲಿ ಈ ಅಂತರವು ಸುಮಾರು 70 ಮಿಲಿವೋಲ್ಟ್. ಇದು ಅಲ್ಪವೆಂದು ತೋರಬಹುದು. ಆದರೆ ಪೊರೆಯ ತೆಳುವನ್ನು ಗಣಿಸಿದರೆ ಒಂದು ಮೀಟರಿಗೆ ಒಂದು ಕೋಟಿ ವೋಲ್ಟಿಗೆ ಸಮೀಪವಾಗುವುದು. ಒಳಗೊಂದು ಬಗೆ, ಹೊರಗೊಂದು ಬಗೆ, ನಡುವೆ ತೆಳುವಾದ ಗೋಡೆ. ಇದು ಗಾಲ್ವನಿಯು ಹೇಳಿದ ಪುಟ್ಟ ಲೈಡನ್ ಜಾಡಿಯಲ್ಲದೆ ಮತ್ತೇನು?

ಈ ಜಾಡಿಯು ಬರಿದಾಗುವ ಕ್ರಮವನ್ನು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬಿಬ್ಬರು ಬಿಡಿಸಿದರು. ಸ್ಕ್ವಿಡ್ ಎಂಬ ಕಡಲಪ್ರಾಣಿಯ ನರತಂತುವೊಂದು ಅರ್ಧ ಮಿಲಿಮೀಟರಿನಷ್ಟು ದಪ್ಪವಾಗಿರುವುದರಿಂದ, 1939ರಲ್ಲಿ ಅದರೊಳಗೆ ಸೂಕ್ಷ್ಮವಾದ ಕಡ್ಡಿಯನ್ನು ತೂರಿಸಿ ಒಳಗಿನ ವಿದ್ಯುತ್ತನ್ನೇ ಅವರು ಅಳೆದರು. ನರವು ಉದ್ರಿಕ್ತವಾದಾಗ ಪೊರೆಯ ಕಿರುದ್ವಾರಗಳು ತೆರೆದು ಸೋಡಿಯಂ ಕಣಗಳು ಒಳನುಗ್ಗುವುವು; ಋಣವಾಗಿದ್ದ ಒಳಗು ಕ್ಷಣಮಾತ್ರ ಧನವಾಗುವುದು; ಒಡನೆಯೇ ಪೊಟ್ಯಾಸಿಯಂ ಹೊರಹರಿದು ಮೊದಲಿನ ಸ್ಥಿತಿಯು ಮರಳುವುದು. ಇದೆಲ್ಲವೂ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಮುಗಿಯುವುದು. ಒಂದೆಡೆಯ ಈ ಬದಲಾವಣೆಯು ಪಕ್ಕದ ದ್ವಾರಗಳನ್ನು ತೆರೆಯುವುದು. ಅವು ತಮ್ಮ ಪಕ್ಕದವನ್ನು. ಪಟಾಕಿಯ ಬತ್ತಿಯಲ್ಲಿ ಬೆಂಕಿಯು ಸಾಗುವಂತೆ ಸಂದೇಶವು ಹೀಗೆ ಮುಂದುವರಿಯುವುದು. ವ್ಯತ್ಯಾಸವಿಷ್ಟೇ: ಬತ್ತಿಯು ಉರಿದು ಬೂದಿಯಾಗುವುದು, ನರವಾದರೋ ಮರುಗಳಿಗೆಯಲ್ಲಿ ಮತ್ತೆ ಸಿದ್ಧವಾಗುವುದು. ಈ ವಿವರಣೆಯನ್ನು ಅವರು 1952ರಲ್ಲಿ ಗಣಿತರೂಪದಲ್ಲಿ ಪ್ರಕಟಿಸಿ, 1963ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಕಣಗಳ ಹಂಚಿಕೆಯು ಕೆಡದಂತೆ ಮೂರು ಸೋಡಿಯಂ ಹೊರಕ್ಕೂ ಎರಡು ಪೊಟ್ಯಾಸಿಯಂ ಒಳಕ್ಕೂ ಎತ್ತಿಹಾಕುತ್ತಿರುವ ಏತವೊಂದು ಪೊರೆಯಲ್ಲಿಯೇ ಉಂಟು. ಅದರ ಸುಳುವನ್ನು ಡೆನ್ಮಾರ್ಕಿನ ಸ್ಕೌ ಎಂಬವನು 1957ರಲ್ಲಿ ಕೊಟ್ಟನು. ಉಂಡ ಅನ್ನದ ಶಕ್ತಿಯಲ್ಲಿ ಗಣನೀಯವಾದ ಪಾಲೊಂದು ಈ ಏತವನ್ನು ನಡೆಸುವುದಕ್ಕೇ ವ್ಯಯವಾಗುವುದು.

ಈ ಜ್ಞಾನದಿಂದ ಲೋಕಕ್ಕೆ ಆದ ಉಪಕಾರವನ್ನು ಹೃದಯದ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ಹೃದಯದ ಬಲಭಾಗದ ಮೇಲ್ಗಡೆಯಲ್ಲಿರುವ ಕೋಶಗಳ ಒಂದು ಸಣ್ಣ ಗುಂಪು ಯಾರ ಅಪ್ಪಣೆಗೂ ಕಾಯದೆ ನಿಮಿಷಕ್ಕೆ 60ರಿಂದ 100 ಸಾರಿ ತಾನಾಗಿ ಉದ್ರಿಕ್ತವಾಗುವುದು. ಅಲ್ಲಿಂದ ಹೊರಟ ಅಲೆಯು ಹೃದಯವನ್ನೆಲ್ಲ ವ್ಯಾಪಿಸಿ ಅದನ್ನು ಬಡಿಯುವಂತೆ ಮಾಡುವುದು. ಈ ವಿದ್ಯುತ್ತು ಚರ್ಮದ ಮೇಲೆಯೂ ಸುಮಾರು ಒಂದು ಮಿಲಿವೋಲ್ಟಿನಷ್ಟು ತೋರುವುದೆಂದು 1887ರಲ್ಲಿ ಲಂಡನ್ನಿನ ವಾಲರನು ಕಂಡನು. ಹಾಲೆಂಡಿನ ಐಂಟ್‌ಹೋವೆನ್ನನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅತಿ ತೆಳುವಾದ ಎಳೆಯೊಂದನ್ನು ಅಯಸ್ಕಾಂತದ ನಡುವೆ ತೂಗಿಬಿಟ್ಟು ಹೊಸ ಗಾಲ್ವನೋಮೀಟರನ್ನು ರಚಿಸಿ, ಹೃದಯದ ಬಡಿತವನ್ನು ಗೆರೆಯಾಗಿ ಬರೆಯಿಸಿದನು. ಅದಕ್ಕೆ 1924ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಇಂದು ಊರೂರಿನ ಆಸ್ಪತ್ರೆಗಳಲ್ಲಿ ಎದೆನೋವೆಂದು ಬಂದವರಿಗೆ ಮೊದಲು ತೆಗೆಯುವ ಇ.ಸಿ.ಜಿ. ಇದೇ. 1958ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ, ಹೃದಯವು ಪದೇಪದೇ ನಿಂತುಹೋಗುತ್ತಿದ್ದ ರೋಗಿಯೊಬ್ಬನ ದೇಹದೊಳಗೆ ಅದನ್ನು ಬಡಿಸುವ ಯಂತ್ರವನ್ನು ವೈದ್ಯರು ಮೊದಲಬಾರಿಗೆ ಇಟ್ಟರು. ಮೊದಲನೆಯ ಯಂತ್ರವು ಕೆಲವೇ ಗಂಟೆಗಳು ನಡೆಯಿತು. ಆದರೆ ಒಂದಾದಮೇಲೊಂದು ಯಂತ್ರವನ್ನು ಬದಲಿಸುತ್ತ ಆ ರೋಗಿಯು ಇನ್ನೂ 43 ವರ್ಷ ಬದುಕಿದನು. ಅವನ ಎದೆಯಲ್ಲಿ ವೋಲ್ಟನ ಬ್ಯಾಟರಿಯ ಸಂತಾನವು ಗಾಲ್ವನಿಯ ಪ್ರಾಣಿವಿದ್ಯುತ್ತನ್ನು ಕೈಹಿಡಿದು ನಡೆಸುತ್ತಿದ್ದಿತು.

ಇನ್ನು ನಿರ್ಣಯವೇನು? ಕಬ್ಬಿಣದ ಕಂಬಿಗೂ ಹಿತ್ತಾಳೆಯ ಕೊಕ್ಕೆಗೂ ನಡುವೆ ಹುಟ್ಟಿದ ವಿದ್ಯುತ್ತು ಲೋಹಗಳದೇ. ಅಲ್ಲಿ ವೋಲ್ಟನ ಮಾತೇ ದಿಟ. ನರಕ್ಕೆ ನರವು ತಾಗಿದಾಗ ಕಂಡ ವಿದ್ಯುತ್ತು ಜೀವದ್ದು. ಅಲ್ಲಿ ಗಾಲ್ವನಿಯ ಮಾತೇ ದಿಟ. ತಮ್ಮ ಪಕ್ಷವನ್ನು ಎಲ್ಲೆಡೆಗೂ ಹಬ್ಬಿಸಹೋದಲ್ಲಿ ಇಬ್ಬರೂ ತಪ್ಪಿದರು. ಪರಸ್ಪರರ ಆಕ್ಷೇಪಕ್ಕೆ ಪ್ರಯೋಗದಿಂದಲೇ ಉತ್ತರವಿತ್ತುದರಿಂದ ಇಬ್ಬರೂ ಲೋಕೋಪಕಾರಿಗಳಾದರು. ಗಾಲ್ವನಿಯ ಕಪ್ಪೆಯಿಲ್ಲದಿದ್ದರೆ ವೋಲ್ಟನ ಕಂಬವಿಲ್ಲ. ವೋಲ್ಟನ ಕಂಬವಿಲ್ಲದಿದ್ದರೆ ಗಾಲ್ವನಿಯ ಮಾತಿಗೆ ಸಾಕ್ಷಿಯಿಲ್ಲ. ಮೊದಲು ಹೇಳಿದ ಅರ್ಥದಲ್ಲಿ ಅವರದು ಜಲ್ಪವಲ್ಲ, ವಾದವೇ ಸರಿ. ಅದನ್ನು ಜಲ್ಪವೆಂದು ತಿಳಿದು ಸೋಲುಗೆಲುವುಗಳನ್ನು ಎಣಿಸಿದವರು ನೋಡುಗರು. 1881ರಲ್ಲಿ ವಿದ್ಯುತ್ತಿನ ಒತ್ತಡದ ಅಳತೆಗೆ ವೋಲ್ಟನ ಹೆಸರನ್ನಿಟ್ಟರು. ನರಗಳ ಪ್ರಾಣಿವಿದ್ಯುತ್ತನ್ನೂ ಇಂದು ಅದೇ ಅಳತೆಯಿಂದ ಅಳೆಯುವರು. 2019ರಲ್ಲಿ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ನದಿಗಳಲ್ಲಿ ವಾಸಿಸುವ ವಿದ್ಯುನ್ಮೀನುಗಳಲ್ಲಿ ಹೊಸ ಜಾತಿಯೊಂದನ್ನು ಶಾಸ್ತ್ರಜ್ಞರು ಗುರುತಿಸಿದರು. ಅದು 860 ವೋಲ್ಟುಗಳವರೆಗೆ ಆಘಾತವನ್ನು ಕೊಡಬಲ್ಲುದು. ಪ್ರಾಣಿಗಳಲ್ಲಿ ಅಳೆಯಲ್ಪಟ್ಟ ವಿದ್ಯುತ್ತಿನಲ್ಲಿ ಅದಕ್ಕಿಂತ ಪ್ರಬಲವಾದುದು ಇಲ್ಲ. ಪ್ರಾಣಿವಿದ್ಯುತ್ತನ್ನು ಒಪ್ಪದ ವೋಲ್ಟನ ಹೆಸರನ್ನೇ ಆ ಮೀನಿಗೆ ಇಟ್ಟಿರುವರು.